ಝಿಂಕ್ ನರಕೋಶನ ಕಾಪಾಡುತ್ತಾ, ಕೊಲ್ಲುತ್ತಾ? ಜೊತೆಗೆ ನನ್ನ ಎನ್‌ಎಂಡಿಎ ಕರೆಂಟ್ ಯಾಕೆ ಬಿತ್ತು?

ಗೊಂದಲದ_ಗೂಡು:
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಕೊನೇ ಸೆಮಿಸ್ಟರು, ಪ್ರಾಜೆಕ್ಟ್ ಎನ್‌ಎಂಡಿಎ ರಿಸೆಪ್ಟರ್ (ಗ್ಲುಟಮೇಟ್ ಅನ್ನೋ ನರಸಂದೇಶದ ರಾಸಾಯನಿಕಕ್ಕೆ ತೆರೆಯೋ, ನರಕೋಶದ ಪೊರೆಯಲ್ಲಿರೋ ಪ್ರೋಟೀನ್ ಬಾಗಿಲು) ಮೇಲೆ. ಎರಡು ತಲೆನೋವು ಒಟ್ಟಿಗೇ ವಕ್ಕರಿಸಿದೆ, ಒಂದಕ್ಕೊಂದು ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ, ಎರಡೂ ಇಲ್ಲೇ ಕೇಳ್ಬಿಡ್ತೀನಿ.

ಮೊದಲ್ನೇದು ಸೆಮಿನಾರ್‌ದು. 1987ರ ಒಂದು ಪೇಪರ್‌ನಲ್ಲಿ ಝಿಂಕ್ ಎನ್‌ಎಂಡಿಎ ರಿಸೆಪ್ಟರನ್ನ ಬ್ಲಾಕ್ ಮಾಡುತ್ತೆ, ಹಾಗಾಗಿ ಆ ರಿಸೆಪ್ಟರ್ ಅತಿಯಾಗಿ ಕೆಲ್ಸ ಮಾಡಿ ನರಕೋಶ ಸಾಯೋದು ಕಮ್ಮಿ ಆಗುತ್ತೆ ಅಂತ ಇದೆ. ಸರಿ ಅಂತ ನೋಟ್ಸ್ ಮಾಡ್ಕೊಂಡೆ. ಆಮೇಲೆ 1996ರದ್ದು ಓದಿದ್ರೆ ಇಲಿಗಳ ಮೆದುಳಿಗೆ ಸ್ವಲ್ಪ ಹೊತ್ತು ರಕ್ತ ನಿಲ್ಲಿಸಿದ್ರೆ ಅದೇ ಝಿಂಕ್ ನರಕೋಶದೊಳಗೆ ತುಂಬ್ಕೊಂಡು ಕೊಲ್ಲುತ್ತೆ, ಅದನ್ನ ಹೀರ್ಕೊಂಡ್ರೆ ಕೋಶ ಉಳಿಯುತ್ತೆ ಅಂತ. ಬೇರೆ ಬೇರೆ ಗುಂಪಿನವರ ಜಗಳ ಆಗಿದ್ರೆ ಅರ್ಥ ಮಾಡ್ಕೋಬಹುದಿತ್ತು, ಆದ್ರೆ ಎರಡೂ ಪೇಪರ್‌ನಲ್ಲಿ ಕೋ, ಚೋಯ್ ಅಂತ ಅದೇ ಹೆಸರುಗಳಿವೆ! ಸೆಮಿನಾರ್‌ನಲ್ಲಿ ಯಾರಾದ್ರೂ ಎದ್ದು "ಹಾಗಾದ್ರೆ ಯಾವ್ದಮ್ಮ ಸರಿ" ಅಂದ್ರೆ ನಾನೇನು ಹೇಳ್ಲಿ?

ಎರಡ್ನೇದು ಬೆಂಚ್‌ದು. ಕಪ್ಪೆ ಮೊಟ್ಟೆಲಿ ಗ್ಲೂಎನ್1 ಜೊತೆ 2ಎ (ಆ ರಿಸೆಪ್ಟರ್ ಕಟ್ಟೋ ತುಂಡುಗಳು, ಅಂದ್ರೆ ಸಬ್‌ಯೂನಿಟ್‌ಗಳು) ಕೂರಿಸಿ ಅದ್ರಲ್ಲಿ ಹರಿಯೋ ಕರೆಂಟ್ ರೆಕಾರ್ಡ್ ಮಾಡ್ತೀನಿ. ಮೈನಸ್ 60 ಮಿಲಿವೋಲ್ಟ್‌ನಲ್ಲಿ ಗ್ಲುಟಮೇಟ್, ಅದರ ಜೊತೆ ಬೇಕಾಗೋ ಗ್ಲೈಸೀನ್ ಹರಿಸಿದ್ರೆ ಸುಮಾರು 1.4 ಮೈಕ್ರೋಆಂಪ್ ಬರ್ತಿತ್ತು. ಹೋದ ವಾರ ಹೊಸದಾಗಿ ರಿಂಗರ್ (ಮೊಟ್ಟೆ ಇಡೋ ಉಪ್ಪುನೀರು) ಮಾಡಿ ಹೊಸ ಬಾಟಲಿಗೆ ಹಾಕ್ದೆ, ಅವತ್ತಿಂದ 0.8. ಅದೇ ಬ್ಯಾಚ್ ಮೊಟ್ಟೆ, ಅದೇ ದಿನ ಹಳೇ ಬಾಟಲಿಗೆ ಬದಲಾಯಿಸಿದ್ರೆ ವಾಪಸ್ 1.4. ಡಿಟಿಟಿ (ಪ್ರೋಟೀನಿನ ಗಂಧಕದ ಕೊಂಡಿ, ಅಂದ್ರೆ ಡೈಸಲ್ಫೈಡ್ ಬಾಂಡ್ ಒಡೆಯೋ ರಾಸಾಯನಿಕ) ಹಾಕಿದ್ರೆ ಹೊಸ ಬಾಟಲಿಯದ್ದೂ ಥಟ್ ಅಂತ ಏರುತ್ತೆ. ಪಕ್ಕದ ಟೇಬಲ್‌ನವಳು 2ಎ ಬದಲು 2ಬಿ ಸಬ್‌ಯೂನಿಟ್ ಮಾಡ್ತಾಳೆ, ಅವಳಿಗೆ ಅದೇ ಹೊಸ ಬಾಟಲಿಲಿ ಏನೂ ತೊಂದ್ರೆ ಇಲ್ಲ, ನನ್ನ ಕೈಗುಣ ಸರಿಯಿಲ್ಲ ಅಂತ ರೇಗಿಸ್ತಾಳೆ. ಗೈಡ್ ಊರಲ್ಲಿಲ್ಲ. ಯಾರಾದ್ರೂ ದಾರಿ ತೋರಿಸಿ.

ಎಕ್ಸ್‌ಟ್ರಾ_ಎಲೆಕ್ಟ್ರೋಡ್:
ಗ್ಲೈಸೀನ್ ಹಾಕೋದು ಮರ್ತಿರ್ತೀರ. ನಂಗೆ ಎರಡು ಸಲ ಆಗಿದೆ.

ಗೊಂದಲದ_ಗೂಡು:
ಇಲ್ಲ ಅಣ್ಣ, ಅದೇ ಮೊದಲು ಅನುಮಾನ ಪಟ್ಟಿದ್ದು. ಗ್ಲೈಸೀನ್ ಡಬಲ್ ಮಾಡಿದ್ರೂ 0.8 ಬಿಟ್ಟು ಅಲ್ಲಾಡಲ್ಲ.

ಪಿಪೆಟ್_ಪಂಡಿತ:
ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ ಕಣ್ರೀ. 2ಎ ಬೀಳುತ್ತೆ, 2ಬಿ ಬೀಳಲ್ಲ, ಡಿಟಿಟಿ ಹಾಕಿದ್ರೆ ಏಳುತ್ತೆ. ಇದು ಝಿಂಕ್. ನೀವು ಹಾಕಿದ್ದಲ್ಲ, ತಾನಾಗೇ ಬಂದು ಸೇರ್ಕೊಂಡಿದ್ದು.

2ಎ ಇರೋ ರಿಸೆಪ್ಟರ್‌ಗೆ ಪೊರೆಯ ಹೊರಗಡೆ ಚಾಚ್ಕೊಂಡಿರೋ ಎನ್-ಟರ್ಮಿನಲ್ ಭಾಗದಲ್ಲಿ ಝಿಂಕ್ ಕೂರೋ ಜಾಗ ಒಂದಿದೆ, ಅದು ಎಷ್ಟು ಚುರುಕು ಅಂದ್ರೆ 10-20 ನ್ಯಾನೋಮೋಲಾರ್ ಝಿಂಕ್ ಸಾಕು, ಕರೆಂಟ್ ಇಳಿಯೋಕೆ ಶುರು. 2ಬಿಗೂ ಅಂಥದ್ದೇ ಜಾಗ ಇದೆ ಆದ್ರೆ ಅದಕ್ಕೆ ಮೈಕ್ರೋಮೋಲಾರ್ ಹತ್ರ ಬೇಕು, ಅಂದ್ರೆ ಐವತ್ತು ನೂರು ಪಟ್ಟು ಜಾಸ್ತಿ. ಅದಕ್ಕೇ ನಿಮ್ಮ ಪಕ್ಕದವಳು ಆರಾಮಾಗಿದಾಳೆ, ಕೈಗುಣ ಅಲ್ಲ ಸಬ್‌ಯೂನಿಟ್ ಗುಣ ಅಂತ ಹೇಳಿ. ಇನ್ನು ಡಿಟಿಟಿ. ಅದು ಡೈಸಲ್ಫೈಡ್ ಬಾಂಡ್ ಒಡೆಯೋದಕ್ಕೆ ಅಂತ ಎಲ್ರೂ ಹಾಕ್ತಾರೆ, ಆದ್ರೆ ಝಿಂಕನ್ನ ಬಿಗಿಯಾಗಿ ಹಿಡ್ಕೊಳ್ಳೋದ್ರಲ್ಲೂ ಅದು ಎತ್ತಿದ ಕೈ. 1997ರಲ್ಲಿ ಪಾವೊಲೆಟ್ಟಿ, ಆಶರ್, ನೇಟನ್ ಇದನ್ನ ತೋರಿಸೋ ತನಕ ಎಷ್ಟೋ ಜನ 2ಎ ಮೇಲೆ ಡಿಟಿಟಿಯ ಆ ತಕ್ಷಣದ ಏರಿಕೆನ ಪೂರ್ತಿ ರೆಡಾಕ್ಸ್ (ಅಂದ್ರೆ ಆ ಬಾಂಡ್ ಒಡೆದಿದ್ದರ) ಲೆಕ್ಕಕ್ಕೇ ಬರ್ಕೊಂಡಿದ್ರು, ಅದರಲ್ಲಿ ದೊಡ್ಡ ಪಾಲು ಬರೀ ಉಪ್ಪಿನ ಜೊತೆ ಬಂದ ಕಲಬೆರಕೆ ಝಿಂಕ್ ಹೋಗಿದ್ದಕ್ಕೆ ಆಗಿದ್ದು.

ಝಿಂಕ್ ಎಲ್ಲಿಂದ ಬರುತ್ತೆ ಅಂದ್ರೆ ಎಲ್ಲಿಂದ ಬರಲ್ಲ ಕೇಳಿ. ಲ್ಯಾಬ್ ಉಪ್ಪು, ಡಿಸ್ಟಿಲ್ಡ್ ವಾಟರ್ ಪೈಪು, ಗಾಜು, ಗ್ಲವ್ಸ್, ರಬ್ಬರ್ (ರಬ್ಬರ್ ಗಟ್ಟಿ ಮಾಡೋಕೆ ಝಿಂಕ್ ಆಕ್ಸೈಡ್ ಹಾಕ್ತಾರೆ), ಸಿರಿಂಜ್ ಸೂಜಿ. 10 ನ್ಯಾನೋಮೋಲಾರ್ ಅಂದ್ರೆ ಒಂದು ಲೀಟರ್‌ಗೆ ಒಂದು ಮೈಕ್ರೋಗ್ರಾಂಗಿಂತ ಕಮ್ಮಿ, ಕಣ್ಣಿಗೂ ಕಾಣಲ್ಲ ತಕ್ಕಡಿಗೂ ಕಾಣಲ್ಲ.

ನಾಳೆ ಹೊಸ ಬಾಟಲಿಯಿಂದ ಸ್ವಲ್ಪ ತಗೊಂಡು 10 ಮಿಲಿಮೋಲಾರ್ ಟ್ರೈಸೀನ್ ಹಾಕಿ, ಇಲ್ಲಾಂದ್ರೆ 10 ಮೈಕ್ರೋಮೋಲಾರ್ ಇಡಿಟಿಎ, ಎರಡೂ ಝಿಂಕನ್ನ ಹಿಡ್ಕೊಳ್ಳೋವೇ. ಕರೆಂಟ್ ಏರಿದ್ರೆ ಕಳ್ಳ ಸಿಕ್ಕ. ಅಂದಹಾಗೆ ರಿಂಗರ್‌ನಲ್ಲಿ ಕ್ಯಾಲ್ಸಿಯಂ ಬದಲು ಬೇರಿಯಂ ತಾನೆ? ಕ್ಯಾಲ್ಸಿಯಂ ಒಳಗೆ ಹೋದ್ರೆ ಮೊಟ್ಟೆಯದ್ದೇ ಕ್ಲೋರೈಡ್ ಚಾನೆಲ್ ತೆರ್ಕೊಂಡು ನೀವು ಅಳೀತಿರೋದು ಯಾವ ಕರೆಂಟ್ ಅಂತಾನೇ ಗೊತ್ತಾಗಲ್ಲ.

ಗೊಂದಲದ_ಗೂಡು:
ಬೇರಿಯಂ ಸರ್, ಮೆಗ್ನೀಸಿಯಂ ಹಾಕಿಲ್ಲ. ನಾಳೆ ಟ್ರೈಸೀನ್ ನೋಡ್ತೀನಿ. ಮೊದಲ್ನೇ ಪ್ರಶ್ನೆ ಬಗ್ಗೆ ಯಾರಾದ್ರೂ??

ಹಳೇಲ್ಯಾಬ್_ಅಕ್ಕ:
ಮೊದಲ್ನೇದಕ್ಕೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಕೊಂಡು ಓದಮ್ಮ.

ಒಳ್ಳೇದಾ ಕೆಟ್ಟದ್ದಾ ಅನ್ನೋದನ್ನ ಪಕ್ಕಕ್ಕಿಡು. ಲೋಹದ ಅಯಾನ್ ವಿಷಯದಲ್ಲಿ ನೀನು ಕೇಳ್ಬೇಕಾಗಿದ್ದು, ಅದು ಪೊರೆಯ ಯಾವ ಕಡೆ ಇದೆ? ಹೊರಗಡೆ ನಿಂತಿದ್ರೆ ಬಾಗಿಲು ಕಾಯೋ ಕೆಲ್ಸ, ಒಳಗೆ ನುಗ್ಗಿದ್ರೆ ಮನೆ ಹಾಳು. ಝಿಂಕ್ ಅಂತಲ್ಲ, ಕ್ಯಾಲ್ಸಿಯಂಗೂ ಇದೇ ಕಥೆ. ನರಕೋಶದ ಹೊರಗೆ ಕ್ಯಾಲ್ಸಿಯಂ 1 ಮಿಲಿಮೋಲಾರ್‌ಗಿಂತ ಸ್ವಲ್ಪ ಜಾಸ್ತಿ, ಒಳಗೆ ಬಿಡುವಿದ್ದಾಗ 100 ನ್ಯಾನೋಮೋಲಾರ್ ಆಸುಪಾಸು, ಅಂದ್ರೆ 10,000 ಪಟ್ಟು ವ್ಯತ್ಯಾಸ. ಕೋಶ ತನ್ನ ಇಂಧನವಾದ ಎಟಿಪಿಯಲ್ಲಿ ಒಂದು ಪಾಲನ್ನ ಈ ವ್ಯತ್ಯಾಸ ಉಳಿಸ್ಕೊಳ್ಳೋಕೇ ಸುರೀತಿರುತ್ತೆ. ಎನ್‌ಎಂಡಿಎ ಬಾಗಿಲು ತುಂಬ ಹೊತ್ತು ತೆರೆದಿದ್ರೆ ಕ್ಯಾಲ್ಸಿಯಂ ನುಗ್ಗುತ್ತೆ, ಮೈಟೋಕಾಂಡ್ರಿಯಾ ಒಂದಷ್ಟು ನುಂಗಿ ನುಂಗಿ ಕೊನೆಗೆ ಕೈಚೆಲ್ಲುತ್ತೆ, ಕ್ಯಾಲ್ಪೇನ್ ಅನ್ನೋ ಕಿಣ್ವ ಕೋಶದ ಅಸ್ಥಿಪಂಜರನೇ ಕತ್ತರಿಸೋಕೆ ಶುರು ಮಾಡುತ್ತೆ, ನೈಟ್ರಿಕ್ ಆಕ್ಸೈಡ್ ಸೂಪರಾಕ್ಸೈಡ್ ಸೇರಿ ಪೆರಾಕ್ಸಿನೈಟ್ರೈಟ್ ಅನ್ನೋ ವಿಷ ಆಗುತ್ತೆ. ಇದನ್ನೇ ಎಕ್ಸೈಟೋಟಾಕ್ಸಿಸಿಟಿ ಅನ್ನೋದು, ಆ ಹೆಸರು ಕೊಟ್ಟಿದ್ದು ಜಾನ್ ಓಲ್ನಿ.

ಆ ಬಾಗಿಲಿಗೆ ಮೊದಲ್ನೇ ಕಾವಲುಗಾರ ಮೆಗ್ನೀಸಿಯಂ. 1984ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಇದನ್ನ ಕಂಡುಹಿಡಿದ್ವು. ಕೋಶ ಸುಮ್ನಿದ್ದಾಗ ಒಳಗಡೆ ಮೈನಸ್ ವೋಲ್ಟೇಜ್ ಇರುತ್ತಲ್ಲ, ಅದು ಮೆಗ್ನೀಸಿಯಂನ ಚಾನೆಲ್ ತೂತಿನೊಳಗೆ ಎಳ್ಕೊಂಡು ಬಿರಡೆ ಥರ ಕೂರಿಸುತ್ತೆ. ಗ್ಲುಟಮೇಟ್ ಬಂದ್ರೂ ತೂತು ಮುಚ್ಚಿರುತ್ತೆ. ಕೋಶ ಡೀಪೋಲರೈಸ್ ಆದಾಗ, ಅಂದ್ರೆ ಆ ಮೈನಸ್ ಕಮ್ಮಿ ಆದಾಗ ಮಾತ್ರ ಬಿರಡೆ ಹಾರಿ ಹೋಗುತ್ತೆ. ಕಲಿಕೆ ನೆನಪು ಎಲ್ಲಾ ಈ ಬಿರಡೆ ಮೇಲೆ ನಿಂತಿದೆ ಅಂದ್ರೆ ನಂಗೆ ಈಗಲೂ ರೋಮಾಂಚನ. ಆದ್ರೆ ಇದೇ ದೌರ್ಬಲ್ಯನೂ ಹೌದು ನೋಡು, ಸ್ಟ್ರೋಕ್‌ನಲ್ಲಿ ಎಟಿಪಿ ಇಲ್ದೆ ಕೋಶ ತಾನಾಗೇ ಡೀಪೋಲರೈಸ್ ಆಗುತ್ತೆ, ಕಾವಲುಗಾರ ಬೇಕಾದ ಹೊತ್ತಲ್ಲೇ ಪರಾರಿ.

ಎರಡ್ನೇ ಕಾವಲುಗಾರ ನಿನ್ನ ಝಿಂಕ್. ಮೆದುಳಲ್ಲಿ ನೆನಪಿನ ಭಾಗವಾದ ಹಿಪ್ಪೋಕ್ಯಾಂಪಸ್‌ನ ಮಾಸಿ ಫೈಬರ್ ಅನ್ನೋ ನರತಂತುಗಳಲ್ಲಿ ಝಿಂಕ್-ಟಿ3 ಅನ್ನೋ ಪ್ರೋಟೀನ್ ಅದನ್ನ ಗ್ಲುಟಮೇಟ್ ಇರೋ ವೆಸಿಕಲ್ ಅನ್ನೋ ಪುಟ್ಟ ಚೀಲಗಳಿಗೇ ತುಂಬುತ್ತೆ. ಎರಡೂ ಒಟ್ಟಿಗೆ ಹೊರಗೆ ಬರ್ತವೆ, ಗ್ಲುಟಮೇಟ್ ಬಾಗಿಲು ತೆರೆಯುತ್ತೆ, ಝಿಂಕ್ ಅರ್ಧ ಎಳೆಯುತ್ತೆ. ಇದು 1987ರ ಕಥೆ. ಝಿಂಕ್-ಟಿ3 ಇಲ್ಲದ ಸುಂಡಿಲಿಗಳಿಗೆ ಫಿಟ್ಸ್ ಬರಿಸೋ ಕೈನೇಟ್ ಅನ್ನೋ ರಾಸಾಯನಿಕ ಕೊಟ್ರೆ ಮಾಮೂಲಿ ಸುಂಡಿಲಿಗಳಿಗಿಂತ ಜೋರಾಗಿ ಫಿಟ್ಸ್ ಬರುತ್ತೆ, ಅಂದ್ರೆ ಆ ಬ್ರೇಕ್ ನಿಜವಾಗ್ಲೂ ಕೆಲ್ಸ ಮಾಡ್ತಿರುತ್ತೆ.

1996ರ ಕಥೆ ಒಳಗಡೆಯದ್ದು. ಝಿಂಕ್ ವೋಲ್ಟೇಜ್‌ಗೆ ತೆರೆಯೋ ಕ್ಯಾಲ್ಸಿಯಂ ಚಾನೆಲ್ ಮೂಲಕ, ಕ್ಯಾಲ್ಸಿಯಂ ಬಿಡೋ ಥರದ ಆಂಪಾ ರಿಸೆಪ್ಟರ್ (ಗ್ಲುಟಮೇಟ್‌ಗೆ ತೆರೆಯೋ ಇನ್ನೊಂದು ಬಾಗಿಲು) ಮೂಲಕ ಒಳಗೆ ಹೋಗಬಲ್ಲದು. ಒಳಗೆ ಬಿಡಿ ಝಿಂಕ್ ಎಷ್ಟಿರ್ಬೇಕೋ ಅದು ನ್ಯಾನೋಮೋಲಾರ್‌ಗಿಂತಲೂ ಕಮ್ಮಿ, ಉಳಿದಿದ್ದೆಲ್ಲಾ ಪ್ರೋಟೀನ್‌ಗಳಿಗೆ ಕಟ್ಟಿಹಾಕಿರುತ್ತೆ. ಅಲ್ಲಿಗೆ ಇದು ನುಗ್ಗಿದ್ರೆ ಮೈಟೋಕಾಂಡ್ರಿಯಾ ಕೆಡುತ್ತೆ, ಆಕ್ಸಿಜನ್ ರಾಡಿಕಲ್ಸ್ ಜಾಸ್ತಿ ಆಗುತ್ತೆ. ಆ ಪ್ರಯೋಗದಲ್ಲಿ ಝಿಂಕ್ ಹೀರ್ಕೊಳ್ಳೋಕೆ ಬಳಸಿದ್ದು ಬರೀ ಇಡಿಟಿಎ ಅಲ್ಲ, ಕ್ಯಾಲ್ಸಿಯಂ ಮೊದಲೇ ಕೂರಿಸಿದ ಇಡಿಟಿಎ. ಇಲ್ಲೇ ಜಾಣತನ ಇರೋದು. ಇಡಿಟಿಎಗೆ ಝಿಂಕ್ ಮೇಲಿನ ಮೋಹ ಕ್ಯಾಲ್ಸಿಯಂಗಿಂತ ಲಕ್ಷಗಟ್ಟಲೆ ಪಟ್ಟು ಜಾಸ್ತಿ, ಹಾಗಾಗಿ ಕ್ಯಾಲ್ಸಿಯಂನ ಕೆಳಗಿಳಿಸಿ ಝಿಂಕನ್ನ ಹತ್ತಿಸ್ಕೊಳ್ಳುತ್ತೆ, ಸುತ್ತಲಿನ ಕ್ಯಾಲ್ಸಿಯಂ ಮಟ್ಟ ಹಾಗೇ ಇರುತ್ತೆ. ಕೋಶದೊಳಗೆ ಅದು ಹೋಗೋದೂ ಇಲ್ಲ. ಅಂದ್ರೆ ಹೊರಗಿಂದ ಒಳಗೆ ಹೋಗ್ತಿರೋ ಝಿಂಕನ್ನ ದಾರೀಲೇ ಹಿಡಿದ ಹಾಗೆ.

ಆದ್ರೆ ಸೆಮಿನಾರ್‌ನಲ್ಲಿ ಇದನ್ನ ಹೇಳಿ ಕೂತ್ಕೊಂಡ್ರೆ ಮುಂದಿನ ಪ್ರಶ್ನೆಗೆ ಸಿಕ್ಕಾಕೊಳ್ತೀಯ. 2000ದಲ್ಲಿ ಅದೇ ಝಿಂಕ್-ಟಿ3 ಇಲ್ಲದ ಸುಂಡಿಲಿಗಳಲ್ಲಿ ಫಿಟ್ಸ್ ಆದ್ಮೇಲೆ ನೋಡಿದ್ರೆ, ವೆಸಿಕಲ್‌ನಲ್ಲಿ ಝಿಂಕೇ ಇಲ್ದಿದ್ರೂ ಸಾಯ್ತಿರೋ ನರಕೋಶಗಳಲ್ಲಿ ಝಿಂಕ್ ತುಂಬಿತ್ತು! ಇದರಲ್ಲೂ ಕೋ ಇದಾರೆ, ತನ್ನ ಕಥೆಗೆ ತಾನೇ ತೂತು ಹುಡುಕಿದ ಮನುಷ್ಯ. ಮೆಟಲೋಥಯೋನಿನ್ ಅಂತ ಒಳಗಡೆ ಝಿಂಕ್ ಕಟ್ಟಿಟ್ಕೊಂಡಿರೋ ಪ್ರೋಟೀನ್ ಇದೆ, ಆಕ್ಸಿಡೈಸ್ ಆದ್ರೆ ಅದು ಕೈಬಿಡುತ್ತೆ. ಅಂದ್ರೆ ಕಳ್ಳ ಹೊರಗಿಂದಾನೇ ಬರ್ಬೇಕು ಅಂತೇನಿಲ್ಲ.

ನೈಟ್‌ಡ್ಯೂಟಿ_ಡಾಕ್ಟರ್:
ಅಕ್ಕ ಹೇಳಿದ ಮೆಗ್ನೀಸಿಯಂ ಬಿರಡೆನ ನಾವು ವಾರ್ಡ್‌ನಲ್ಲಿ ದಿನಾ ನೋಡ್ತೀವಿ ಅನ್ನೋಣ ಅಂದ್ರೆ ಅಷ್ಟು ಸಲೀಸಿಲ್ಲ. ಗರ್ಭಿಣಿಯರಿಗೆ ಬಿಪಿ ಏರಿ ಫಿಟ್ಸ್ ಬರೋ ಎಕ್ಲಾಂಪ್ಸಿಯಾಗೆ ಮೆಗ್ನೀಸಿಯಂ ಸಲ್ಫೇಟ್ ಕೊಡ್ತೀವಿ. 2002ರ ಮ್ಯಾಗ್‌ಪೈ ಟ್ರಯಲ್‌ನಲ್ಲಿ 10,000ಕ್ಕೂ ಹೆಚ್ಚು ಹೆಂಗಸರಲ್ಲಿ ಫಿಟ್ಸ್ ಅಪಾಯ ಅರ್ಧಕ್ಕಿಂತ ಕಮ್ಮಿ ಆಯ್ತು. ಎನ್‌ಎಂಡಿಎ ಬ್ಲಾಕ್‌ನಿಂದಾನೇ ಅಂತ ಪಾಠದಲ್ಲಿ ಒಂದು ಸಾಲು ಬರೆದು ಮುಗಿಸ್ತಾರೆ, ಆದ್ರೆ ರಕ್ತನಾಳ ಸಡಿಲ ಮಾಡೋ ಕೆಲ್ಸನೂ ಅದಕ್ಕಿದೆ. ರಾತ್ರಿ ಎರಡು ಗಂಟೆಗೆ ನಾನು ಮಾಡೋದು ಮೊಣಕಾಲಿಗೆ ಸುತ್ತಿಗೆ ತಟ್ಟಿ ಕಾಲು ಒದೆಯುತ್ತಾ ನೋಡೋದು. ಒದೆಯಲ್ಲ ಅಂದ್ರೆ ಡ್ರಿಪ್ ನಿಲ್ಸು, ಯಾಕಂದ್ರೆ ಮುಂದೆ ಹೋಗೋದು ಉಸಿರು. ಅಲ್ಲಿ ಮೆಗ್ನೀಸಿಯಂ ನರದ ತುದಿಗೆ ಕ್ಯಾಲ್ಸಿಯಂ ಹೋಗೋದನ್ನ ತಡೀತಿರುತ್ತೆ, ಅದಕ್ಕೆ ಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್. ಒಂದು ಅಯಾನ್‌ಗೆ ಇನ್ನೊಂದು ಅಯಾನ್ ಮದ್ದು.

ಹಾಗಾದ್ರೆ ಸ್ಟ್ರೋಕ್‌ಗೂ ಅದೇ ಕೊಡ್ಬಹುದಲ್ಲ ಅಂತ ಎಲ್ರಿಗೂ ಅನ್ಸುತ್ತೆ, ನಂಗೂ ಅನ್ಸಿತ್ತು. ಫಾಸ್ಟ್-ಮ್ಯಾಗ್ ಅಂತ ಟ್ರಯಲ್‌ನಲ್ಲಿ 1,700 ಜನಕ್ಕೆ ಸ್ಟ್ರೋಕ್ ಶುರುವಾಗಿ 2 ಗಂಟೆಯೊಳಗೆ, ಆಂಬುಲೆನ್ಸ್‌ನಲ್ಲೇ ಶುರು ಮಾಡಿದ್ರು. 2015ರಲ್ಲಿ ರಿಸಲ್ಟ್ ಬಂತು, ಪ್ರಯೋಜನ ಇಲ್ಲ. ಡಿಶ್‌ನಲ್ಲಿ ನರಕೋಶ ಉಳಿಯೋದಕ್ಕೂ ಮನುಷ್ಯ ಎದ್ದು ನಡೆಯೋದಕ್ಕೂ ಮಧ್ಯೆ ಇರೋ ಹಳ್ಳ ಇದು.

ಸೀಸದ್ದೂ ಹೇಳ್ಬಿಡ್ತೀನಿ, ಯಾಕಂದ್ರೆ ಪೊರೆಯ ಎರಡೂ ಕಡೆ ಕೆಟ್ಟದ್ದೇ ಮಾಡೋ ಲೋಹ ಅಂದ್ರೆ ಅದು. ಹೊರಗಡೆ ಎನ್‌ಎಂಡಿಎ ರಿಸೆಪ್ಟರ್ ತಡೆಯುತ್ತೆ, ಬೆಳೀತಿರೋ ಮೆದುಳಲ್ಲಿ ಇದು ಕಾಪಾಡೋ ತಡೆ ಅಲ್ಲ, ಕಲಿಯೋ ಹೊತ್ತಲ್ಲಿ ಬೀಳೋ ತಡೆ. ಒಳಗೆ ಹೋದ್ರೆ ಕ್ಯಾಲ್ಸಿಯಂ ವೇಷ ಹಾಕ್ಕೊಂಡು ಕಾಲ್‌ಮೋಡ್ಯುಲಿನ್, ಪ್ರೋಟೀನ್ ಕೈನೇಸ್ ಸಿ ಅನ್ನೋ ಕ್ಯಾಲ್ಸಿಯಂ ಹಿಡಿಯೋ ಪ್ರೋಟೀನ್‌ಗಳಲ್ಲಿ ಕೂರುತ್ತೆ, ಅದೂ ಕ್ಯಾಲ್ಸಿಯಂಗಿಂತ ಎಷ್ಟೋ ಕಮ್ಮಿ ಪ್ರಮಾಣದಲ್ಲಿ. ಮಗುಗೆ ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಮಟ್ಟ ಇಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ರಕ್ತದ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂಗೆ ಇಳಿಸಿದ್ದು ಗಮನ ಕೊಡೋಕೆ ಶುರು ಮಾಡ್ಬೇಕಾದ ಗೆರೆ ಅಷ್ಟೇ. 20ರಿಂದ 44 ಇದ್ದ ಮಕ್ಕಳಿಗೆ ಸೀಸ ಹೊರಹಾಕೋ ಸಕ್ಸಿಮರ್ ಅನ್ನೋ ಔಷಧಿ ಕೊಟ್ಟು ನೋಡಿದ್ರು, 2001ರಲ್ಲಿ ಬಂದ ರಿಸಲ್ಟ್, ರಕ್ತದ ಸೀಸ ಇಳೀತು, ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. ಸೀಸ ಹೊರಗೆ ತೆಗೆದ್ರೂ ಅದು ಕೆಡಿಸಿದ್ದು ವಾಪಸ್ ಬರ್ಲಿಲ್ಲ.

ಸುಮ್ನೆ_ಓದೋನು:
ನಾನು ಕಾಮರ್ಸ್ ಓದಿದೋನು, ಅರ್ಧ ಅರ್ಥ ಆಯ್ತು, ಭಯ ಪೂರ್ತಿ ಆಯ್ತು. ಶೀತಕ್ಕೆ ಅಂತ ಎಂಟು ತಿಂಗಳಿಂದ ದಿನಾ ಝಿಂಕ್ ಮಾತ್ರೆ ತಿಂತಿದೀನಿ, ಮೆದುಳಲ್ಲಿ ತುಂಬ್ಕೊಂಡಿರುತ್ತಾ? ಇಡಿಟಿಎ ತಗೊಂಡು ಕ್ಲೀನ್ ಮಾಡ್ಸಬಹುದಾ, ಡೀಟಾಕ್ಸ್ ಅಂತ ಜಾಹೀರಾತು ನೋಡಿದ್ದೆ.

ನೈಟ್‌ಡ್ಯೂಟಿ_ಡಾಕ್ಟರ್:
ಇಡಿಟಿಎ ಹತ್ರ ಹೋಗ್ಲೇಬೇಡಿ ಪುಣ್ಯಾತ್ಮ. ಅಕ್ಕ ಹೇಳಿದ್ರಲ್ಲ ಕ್ಯಾಲ್ಸಿಯಂ ಕೂರಿಸಿದ ಇಡಿಟಿಎ, ಅದಕ್ಕೂ ಕ್ಯಾಲ್ಸಿಯಂ ಇಲ್ಲದ ಡೈಸೋಡಿಯಂ ಇಡಿಟಿಎಗೂ ಹೆಸರಲ್ಲಿ ಒಂದೇ ಪದ ವ್ಯತ್ಯಾಸ. ಅದಲುಬದಲಾಗಿ ರಕ್ತದ ಕ್ಯಾಲ್ಸಿಯಂ ಪೂರ್ತಿ ಎಳ್ಕೊಂಡು ಹೃದಯ ನಿಂತು ಜನ ಸತ್ತಿದಾರೆ, ಅಮೆರಿಕದಲ್ಲಿ 2003ರಿಂದ 2005ರೊಳಗೆ ದಾಖಲಾಗಿರೋ ಸಾವುಗಳು, ಮಕ್ಕಳೂ ಇದ್ರು.

ಮಾತ್ರೆ ಝಿಂಕ್ ಸೀದಾ ಮೆದುಳಿಗೆ ಹೋಗಿ ಕೂರಲ್ಲ, ರಕ್ತ ಮತ್ತು ಮೆದುಳಿನ ಮಧ್ಯೆ ತಡೆಗೋಡೆ ಇದೆ. ತೊಂದ್ರೆ ಹಿಂದಿನ ಬಾಗಿಲಿಂದ ಬರುತ್ತೆ. ಝಿಂಕ್ ಜಾಸ್ತಿ ಆದ್ರೆ ಕರುಳಿನ ಕೋಶಗಳು ಮೆಟಲೋಥಯೋನಿನ್ ಜಾಸ್ತಿ ಮಾಡ್ತವೆ, ಅದು ತಾಮ್ರನ ಹಿಡಿದು ಮಲದಲ್ಲಿ ಸಾಗಹಾಕುತ್ತೆ. ತಿಂಗಳುಗಟ್ಟಲೆ ಹೀಗಾದ್ರೆ ತಾಮ್ರದ ಕೊರತೆ, ರಕ್ತಹೀನತೆ, ಪಾದ ಜೋಮು, ಕತ್ತಲಲ್ಲಿ ನಡಿಗೆ ತೂರಾಡೋದು. ಇದೇ ಗುಣನ ವಿಲ್ಸನ್ ಕಾಯಿಲೆಯವರಿಗೆ ನಾವು ಮದ್ದಾಗಿ ಬಳಸ್ತೀವಿ, ಅವರಿಗೆ ತಾಮ್ರ ಜಾಸ್ತಿಯಾಗಿ ಲಿವರ್, ಮೆದುಳು ಕೆಡ್ತಿರುತ್ತೆ, ಝಿಂಕ್ ಕೊಟ್ರೆ ತಾಮ್ರ ಹೀರಿಕೊಳ್ಳೋದು ನಿಲ್ಲುತ್ತೆ. ನೀವು ತಗೊಳ್ಳೋದು ದಿನಕ್ಕೆ ಎಷ್ಟು ಮಿಲಿಗ್ರಾಂ? ದೊಡ್ಡವರಿಗೆ ಒಟ್ಟು 40 ಅಂತ ಮೇಲ್ಮಿತಿ ಇದೆ. ಡಬ್ಬಿ ಮೇಲೆ ಎಲಿಮೆಂಟಲ್ ಝಿಂಕ್ ಎಷ್ಟು ಅಂತ ನೋಡಿ, ಉಪ್ಪಿನ ತೂಕ ಅಲ್ಲ.

ಸುಮ್ನೆ_ಓದೋನು:
50 ಇದೆ. ಇವತ್ತೇ ನಿಲ್ಲಿಸ್ದೆ.

ನೈಟ್‌ಡ್ಯೂಟಿ_ಡಾಕ್ಟರ್:
ಒಳ್ಳೇದು. ಪಾದದಲ್ಲಿ ಜೋಮು ಏನಾದ್ರೂ ಇದ್ರೆ ಹತ್ರದ ಡಾಕ್ಟರ್‌ಗೆ ತೋರಿಸಿ ರಕ್ತದಲ್ಲಿ ತಾಮ್ರ ನೋಡಿಸಿ, ಇಲ್ಲಿ ಕೇಳಿ ಸುಮ್ನಾಗ್ಬೇಡಿ.

ಹಳೇಲ್ಯಾಬ್_ಅಕ್ಕ:
ತಡೆಗೋಡೆ ಅಂದ್ರಲ್ಲ ಡಾಕ್ಟ್ರೇ, ಮೂಗಲ್ಲಿ ಮಾತ್ರ ಆ ಗೋಡೆ ಇಲ್ಲ. ವಾಸನೆ ನರಕೋಶಗಳು ಮೂಗಿನ ಮೇಲ್ಭಾಗದಲ್ಲಿ ಸೀದಾ ಗಾಳಿಗೇ ತೆರ್ಕೊಂಡಿರ್ತವೆ. ಶೀತಕ್ಕೆ ಅಂತ ಮೂಗಿಗೆ ಹಾಕೋ ಝಿಂಕ್ ಜೆಲ್ ಬಂದಿತ್ತು, ವಾಸನೆನೇ ಹೋಯ್ತು ಅಂತ ಜನ ದೂರು ಕೊಟ್ಟು 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಬಳಸ್ಬೇಡಿ ಅಂತ ಎಚ್ಚರಿಸ್ತು. ಬೇಜಾರಿನ ವಿಷಯ ಏನಂದ್ರೆ ಇದು ಹಳೇ ಪಾಠ, 1930ರ ದಶಕದಲ್ಲೇ ಪೋಲಿಯೋ ತಡೆಯೋಕೆ ಅಂತ ಮಕ್ಕಳ ಮೂಗಿಗೆ ಝಿಂಕ್ ಸಲ್ಫೇಟ್ ಹೊಡೆದಿದ್ರು, ಪೋಲಿಯೋನೂ ನಿಲ್ಲಲಿಲ್ಲ, ಕೆಲವರ ವಾಸನೆ ಶಕ್ತಿನೂ ಹೋಯ್ತು.

ಗೊಂದಲದ_ಗೂಡು:
ಟ್ರೈಸೀನ್ ಹಾಕ್ದೆ! ಏರ್ತು, ಆದ್ರೆ 0.8 ಇದ್ದಿದ್ದು 1.0 ಅಷ್ಟೇ. ಹಳೇ ಬಾಟಲಿಯ 1.4 ಮುಟ್ಟಲೇ ಇಲ್ಲ. ಪಂಡಿತ್ ಸರ್, ಹಾಗಾದ್ರೆ ಝಿಂಕ್ ಅಲ್ವಾ?

ಪಿಪೆಟ್_ಪಂಡಿತ:
ಟ್ರೈಸೀನ್ ಪುಡಿ ಹಾಕಿದ್ಮೇಲೆ ಪಿಎಚ್ ನೋಡಿದ್ರಾ?

ಗೊಂದಲದ_ಗೂಡು:
...ಇಲ್ಲ. ಈಗ ನೋಡ್ದೆ. 6.99.

ಪಿಪೆಟ್_ಪಂಡಿತ:
ಅದೇ ಮತ್ತೆ. ಟ್ರೈಸೀನ್ ಪುಡಿ ಆಸಿಡ್ ಸ್ವಭಾವದ್ದು, ನಿಮ್ಮ 5 ಮಿಲಿಮೋಲಾರ್ ಹೆಪೆಸ್‌ಗೆ (ಪಿಎಚ್ ಹಿಡಿದಿಡೋ ಬಫರ್) ಅದನ್ನ ತಡ್ಕೊಳ್ಳೋ ಶಕ್ತಿ ಇಲ್ಲ. ಪ್ರೋಟಾನ್ ಕೂಡ ಎನ್‌ಎಂಡಿಎ ರಿಸೆಪ್ಟರನ್ನ ತಡೆಯುತ್ತೆ, ಈ ಪಿಎಚ್ ಆಸುಪಾಸಲ್ಲೇ. ಝಿಂಕ್ ಮಾಡೋ ತಡೆಯೂ ಅರ್ಧ ಈ ಪ್ರೋಟಾನ್ ಜೊತೆ ಕೈಜೋಡಿಸಿಯೇ ನಡೆಯೋದು. ನೀವು ಒಂದು ಬ್ರೇಕ್ ಬಿಟ್ಟು ಇನ್ನೊಂದು ಒತ್ತಿದೀರ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 7.3ಕ್ಕೆ ತಂದು ಮತ್ತೆ ಮಾಡಿ.

ಗೊಂದಲದ_ಗೂಡು:
ಮಾಡ್ದೆ ಸರ್. 1.6!! ಹಳೇ ಬಾಟಲಿಗೂ ಟ್ರೈಸೀನ್ ಹಾಕಿ ನೋಡ್ದೆ, ಅದೂ 1.4ರಿಂದ 1.6ಕ್ಕೆ ಹೋಯ್ತು, ಅಂದ್ರೆ ಹಳೇದ್ರಲ್ಲೂ ಸ್ವಲ್ಪ ಇತ್ತು, ಇಷ್ಟು ದಿನ ಗೊತ್ತೇ ಇರ್ಲಿಲ್ಲ. ಉಪ್ಪಿನ ಹೊಸ ಡಬ್ಬಿ ಮೇಲೆ ಅನುಮಾನ ಇತ್ತು, ಆದ್ರೆ ಅದೇ ಉಪ್ಪಲ್ಲಿ ಮಾಡಿದ ರಿಂಗರನ್ನ ಪ್ಲಾಸ್ಟಿಕ್ ಬಾಟಲಿಲಿ ಇಟ್ರೆ 1.4 ಬರುತ್ತೆ. ಹೊಸ ಗಾಜಿನ ಬಾಟಲಿಗೆ ನಾನು ರಬ್ಬರ್ ಬಿರಡೆ ಹಾಕಿದ್ದೆ, ರಾತ್ರಿಯೆಲ್ಲಾ ಮಲಗಿಸಿ ಇಡ್ತಿದ್ದೆ, ಫ್ರಿಜ್‌ನಲ್ಲಿ ಜಾಗ ಇಲ್ಲ ಅಂತ. ರಿಂಗರ್ ಇಡೀ ರಾತ್ರಿ ಬಿರಡೆ ನೆಕ್ಕೊಂಡಿತ್ತು. ಪಕ್ಕದವಳಿಗೆ ಹೇಳಿದ್ರೆ ಕೈಗುಣ ಅಲ್ಲ, ತಲೆಗುಣ ಅಂತಾಳೆ.

ಹಳೇಲ್ಯಾಬ್_ಅಕ್ಕ:
ಬಿರಡೆ ಬಿಸಾಕ್ಬೇಡ, ಸೆಮಿನಾರ್‌ಗೆ ತಗೊಂಡು ಹೋಗು.

ಪಿಪೆಟ್_ಪಂಡಿತ:
ಬಾಟಲಿನೂ ಆಸಿಡ್‌ನಲ್ಲಿ ತೊಳೀರಿ, ಗಾಜಿಗೂ ಅಂಟಿರುತ್ತೆ. ಹೋದ ವಾರದ 2ಎ ಡೇಟಾ ಎಲ್ಲಾ ಮತ್ತೆ ಮಾಡ್ಬೇಕು, ಅದನ್ನ ಗೈಡ್ ಬರೋದ್ರೊಳಗೆ ಮುಗ್ಸಿ.